ಹೊಟ್ಟಿನ ಕೋಣೆಗೆ ತಂದ ಸಾಮಾನು

ದುಡ್ಡು ಹೆಚ್ಚು ಸುರಿದರೆ ಕೆಲಸ ತಾನಾಗಿ ಚೆನ್ನಾಗುತ್ತದೆ ಎಂದು ನಂಬಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಂಥವನೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ; ನಾನೇ ಹೆತ್ತಿದ್ದೇನೆ, ಯಾರನ್ನು ದೂರಲಿ? ಇನ್ನೊಬ್ಬ ಸೊರಬದಲ್ಲಿದ್ದಾನೆ, ಸ್ಟುಡಿಯೊ ಇಟ್ಟವನು. ಇಂಥವರ ನಡುವೆ ನನ್ನ ಮೊಮ್ಮಗಳು ಮಕ್ಕಳ ಹಾಲಿನ ಬಾಟಲಿಯಲ್ಲಿ ನೀರು ಅಳೆದು, ಗುಜರಿ ಅಂಗಡಿಯ ಬಿಯರ್ ಬಾಟಲಿಯಲ್ಲಿ ಔಷಧಿ ತುಂಬಿಟ್ಟು ಫೋಟೊ ತೊಳೆದಳು. ಅದನ್ನು ನೆನೆದರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ.

ಅವಳು ಮಗನ ಮಗಳು. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು ಬಂದಳು. ಮದುವೆ, ಗೃಹಪ್ರವೇಶಗಳಿಗೆ ಹೋಗಿ ಈಗಿನ ಕ್ಯಾಮೆರಾದಲ್ಲಿ ಫೋಟೊ ತೆಗೆದು ನಾಲ್ಕು ಕಾಸು ಸಂಪಾದಿಸುತ್ತಾಳೆ. ಆದರೆ ಜೀವವೆಲ್ಲ ಹಳೆಯ ರೀಲಿನ ಕ್ಯಾಮೆರಾದ ಮೇಲೆ. ರೀಲನ್ನು ಕತ್ತಲಲ್ಲಿ ಬಿಚ್ಚಿ ಔಷಧಿ ನೀರಿನಲ್ಲಿ ತೊಳೆಯಬೇಕು. ಆಮೇಲೆ ಅದರ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟು ಆ ಕಾಗದವನ್ನೂ ತೊಳೆಯಬೇಕು. ಆಗ ಕಪ್ಪು ಬಿಳುಪಿನ ಚಿತ್ರ ಮೂಡುತ್ತದೆ. ಇಷ್ಟು ತಿಳಿದುಕೊಳ್ಳಲು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಒಂದು ವಾರ ಹಿಡಿಯಿತು. ನಮ್ಮ ಓಣಿಯ ಪದವೀಧರರಿಗೆ ಇನ್ನೂ ತಿಳಿದಿಲ್ಲ. ಮೊಬೈಲಿನಲ್ಲಿ ಬರುವುದಿಲ್ಲವಾ ಎಂದು ಇವತ್ತಿಗೂ ಕೇಳುತ್ತಾರೆ. ಬರುತ್ತದೆ, ಹೋಟೆಲಿನಲ್ಲಿ ಅನ್ನವೂ ಸಿಗುತ್ತದೆ, ಮನೆಯಲ್ಲಿ ಯಾಕೆ ಒಲೆ ಹಚ್ಚುತ್ತೀರಿ ಎಂದು ನಾನು ಕೇಳುತ್ತೇನೆ.

ಈ ಕೆಲಸಕ್ಕೆ ಬೆಳಕು ನುಸುಳದ ಜಾಗ ಬೇಕು. ನಮ್ಮ ಹಿತ್ತಿಲಲ್ಲಿ ಹೊಟ್ಟಿನ ಕೋಣೆಯಿದೆ. ದನ ಇದ್ದ ಕಾಲಕ್ಕೆ ಅವಕ್ಕೆ ಹೊಟ್ಟು ತುಂಬಿಡುತ್ತಿದ್ದೆವು. ಕಿಟಕಿಯಿಲ್ಲ, ಒಂದೇ ಬಾಗಿಲು, ಪಕ್ಕದಲ್ಲೇ ನೀರಿನ ತೊಟ್ಟಿ. ದನ ಹೋದ ಮೇಲೆ ಅಲ್ಲಿ ಇಲಿಗಳದ್ದೇ ಸಂಸಾರ. ಮೊಮ್ಮಗಳು ಅದನ್ನು ಕೇಳಿದಳು. ಆದರೆ ಮಗ ಅದನ್ನು ಆಗಲೇ ಒಬ್ಬ ಗೊಬ್ಬರದ ಏಜೆಂಟನಿಗೆ ಒಪ್ಪಿಕೊಂಡುಬಿಟ್ಟಿದ್ದ. ಅಂಜನಾಪುರದ ನಾಲೆಗೆ ನೀರು ಬಿಟ್ಟರೆ ಬೇಸಿಗೆ ಭತ್ತದ ಕೆಲಸ ಶುರುವಾಗುತ್ತದೆ. ಅಷ್ಟರಲ್ಲಿ ಗೊಬ್ಬರ ತಂದಿಟ್ಟುಕೊಳ್ಳಲು ಏಜೆಂಟನಿಗೆ ಜಾಗ ಬೇಕಿತ್ತು.

ಊಟಕ್ಕೆ ಕೂತಾಗ ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆಯಿತು. ನಾನೂ ಸುಮ್ಮನಿರಲಿಲ್ಲ. ಕೊನೆಗೆ ಮಗ ತಟ್ಟೆಯಲ್ಲೇ ಕೈ ತೊಳೆದು ತೀರ್ಪು ಕೊಟ್ಟ.

"ಒಂದ್ ಫೋಟೊ ತೋರ್ಸು. ಗೋಡೆಗೆ ಹಾಕೋ ಹಂಗಿರ್ಬೇಕು, ಈ ಮನೇಲೇ ತೊಳೆದಿರ್ಬೇಕು. ಬರೋ ಸೋಮವಾರ ಬಿಟ್ಟು ಮುಂದಿನ ಸೋಮವಾರ ಗೊಬ್ಬರದ ಲೋಡ್ ಬರ್ತೈತೆ. ಅದಕ್ಕಿಂತ ಮುಂಚೆ ತೋರ್ಸಿದ್ರೆ ಕೋಣೆ ನಿಂದು. ಇಲ್ಲಾಂದ್ರೆ ಚೀಲ ಒಳಗೆ, ನಿನ್ ಸಾಮಾನು ಹೊರಗೆ."

ಅವಳಿಗೆ ಅದು ಬರೀ ಕೋಣೆಯಲ್ಲ. ಬೇರೆ ಕಡೆ ಬಾಡಿಗೆ ಹಿಡಿಯುವಷ್ಟು ಅವಳ ಕೈಯಲ್ಲಿಲ್ಲ. ಇದು ಹೋದರೆ ಕಲಿತದ್ದೂ ಹೋಯಿತು, ಮದುವೆ ಮನೆಯಲ್ಲಿ ಬೀಗರ ಮುಖ ಹಿಡಿಯುವುದೇ ಗತಿ. ಅದು ಅವಳ ಅಪ್ಪನಿಗೂ ಗೊತ್ತಿತ್ತು. ಅವನೋ ದೊಡ್ಡ ಸಾಮಾನನ್ನೇ ನಂಬುವ ಜಾತಿ. ಟವೆಲ್ ಹಾಸಿದಷ್ಟು ಹೊಲಕ್ಕೆ ಪಕ್ಕದವರಿಗಿಂತ ದೊಡ್ಡ ಟ್ರ್ಯಾಕ್ಟರ್ ತಂದ. ಅದು ನಮ್ಮ ಹೊಲದಲ್ಲಿ ತಿರುಗಬೇಕಾದರೆ ಪಕ್ಕದವರ ಹೊಲಕ್ಕೆ ಇಳಿಯಬೇಕು. ಅವರು ದಿನಾ ಬೈಯುತ್ತಾರೆ, ಇವನು ದಿನಾ ಹಾರ್ನ್ ಹೊಡೆಯುತ್ತಾನೆ. ಇಂಥವನು ಮಗಳಿಗೆ ಸೋವಿ ಸಾಮಾನಿನಲ್ಲಿ ವಿದ್ಯೆ ಬರುವುದಿಲ್ಲ ಎಂದು ಬುದ್ಧಿ ಹೇಳಿದ.

ಮಾರನೆಯ ದಿನವೇ ನಾವಿಬ್ಬರೂ ಸೊರಬದ ಬಸ್ಸು ಹತ್ತಿದೆವು. ಅಲ್ಲಿಗೆ ಹತ್ತಿರದ ಹೊಸಬಾಳೆ ನನ್ನ ತವರು. ಸೊರಬದ ಸ್ಟುಡಿಯೊ ಒಂದರಲ್ಲಿ ಹಳೆಯ ಎನ್‌ಲಾರ್ಜರ್ ಇದೆಯೆಂದು ನನ್ನ ತಮ್ಮ ಫೋನು ಮಾಡಿದ್ದ. ರೀಲಿನ ಪುಟ್ಟ ಚಿತ್ರವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರ ಅದು. ಹೋಗಿ ನೋಡಿದರೆ ಸ್ಟುಡಿಯೊದವನು ಅದರ ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದ. ಈಗ ಅವನ ಕಸುಬು ಫ್ಲೆಕ್ಸ್ ಹೊಡೆಯುವುದು. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಅದೇ ಗುಲಾಬಿ, ಅದೇ ಮೋಡ. ನಡುವಿನ ಮುಖ ಮಾತ್ರ ಬದಲು.

ಯಂತ್ರ ಕೊಡಲು ಒಪ್ಪಿದ. ಗುಜರಿಗೆ ಹೊತ್ತು ಹಾಕಲು ಆಳು ಸಿಗದೆ ಇಟ್ಟುಕೊಂಡಿದ್ದನ್ನು ದೇವರ ಮೂರ್ತಿ ಕೊಡುವವನ ಹಾಗೆ ಕೊಟ್ಟ. ಆಮೇಲೆ ಲಗ್ನಪತ್ರಿಕೆಯೊಂದರ ಹಿಂದೆ, ಔಷಧಿ ಕಲೆಸಲು ಏನೇನು ಬೇಕೆಂದು ಪಟ್ಟಿ ಬರೆಯಲು ಕೂತ. ಗೆರೆ ಹಾಕಿದ ಗಾಜಿನ ಅಳತೆ ಪಾತ್ರೆ ಮೂರು, ಲ್ಯಾಬಿನವರ ತಕ್ಕಡಿ, ತಾನೇ ತಿರುಗಿಸಿ ಕಲೆಸುವ ಮೋಟಾರು, ಹೊರದೇಶದ ಥರ್ಮಾಮೀಟರು, ಕಂದು ಗಾಜಿನ ಶೀಷೆ ಅರ್ಧ ಡಜನ್. ಬರೆಯುತ್ತ ಬರೆಯುತ್ತ ಅವನ ಮುಖಕ್ಕೆ ಡಾಕ್ಟರ ಕಳೆ ಬಂತು. ಮಾತೆಲ್ಲ ಹುಡುಗಿಯ ಕಡೆಗೇ. ನಾನು ಅವಳು ತಂದ ಗಂಟೋ ಚೀಲವೋ ಎಂಬ ಹಾಗೆ ನನ್ನ ಕಡೆ ನೋಡಲಿಲ್ಲ. ಇಷ್ಟೆಲ್ಲ ಬೇಕೇನ್ರೀ ಎಂದು ನಾನು ಬಾಯಿ ಹಾಕಿದ್ದಕ್ಕೆ ಆಗ ತಿರುಗಿದ.

"ಇದು ಅಡುಗೆಮನೆ ಆಟ ಅಲ್ಲ ಅಮ್ಮ. ಸಾಮಾನು ಸರಿ ಇಲ್ದಿದ್ರೆ ಕೈ ಹಾಕ್ಲೇಬಾರ್ದು."

ಅಡುಗೆಮನೆ ಆಟವಂತೆ. ನಮ್ಮೂರ ಶಾಲೆಯಲ್ಲಿ ಹದಿನಾಲ್ಕು ವರ್ಷ ಬಿಸಿಯೂಟ ಬೇಯಿಸಿದವಳು ನಾನು. ಒಂದು ದಿನ ಸೀಯಲಿಲ್ಲ, ಒಂದು ದಿನ ಕಡಿಮೆ ಬೀಳಲಿಲ್ಲ. ಇವನು ಒಂದು ಮುಖಕ್ಕೆ ಎರಡು ಕಣ್ಣು ಸರಿಯಾಗಿ ಕೂರಿಸಲಾರ, ಅವನ ಫ್ಲೆಕ್ಸಿನಲ್ಲಿ ಸತ್ತವರೂ ನಕ್ಕ ಹಾಗೆ ಕಾಣುತ್ತಾರೆ. ಬಾಯಿಗೆ ಬಂದದ್ದನ್ನು ಮೊಮ್ಮಗಳ ಮುಖ ನೋಡಿ ನುಂಗಿಕೊಂಡೆ.

ಯಂತ್ರದ ಕಾಲು ಹಿಂದಿನ ಕೋಣೆಯಲ್ಲಿದೆ, ಬನ್ನಿ ಎಂದು ಕರೆದ. ಹೋದೆವು. ಅಲ್ಲಿ ಅಟ್ಟದ ಕೆಳಗೆ ಸಾಲಾಗಿ ನಿಂತಿದ್ದವು, ಧೂಳು ಹಿಡಿದ ರಮ್ಮಿನ ಬಾಟಲಿಗಳು. ಒಂದೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ, ಲಗ್ನಪತ್ರಿಕೆಯ ಮೇಲೆ ಈಗ ತಾನೇ ಕಂಡ ಅದೇ ಕೈಬರಹದಲ್ಲಿ ಔಷಧಿಯ ಹೆಸರು ಬರೆದಿತ್ತು. ಪಕ್ಕದಲ್ಲಿ ಒಂದು ಸೊಟ್ಟ ಪ್ಲಾಸ್ಟಿಕ್ ಜಗ್ಗು. ಅವನ ಅರ್ಧ ಆಯುಷ್ಯ ಅಷ್ಟರಲ್ಲೇ ನಡೆದಿತ್ತು. ನಾನು ಮೊಮ್ಮಗಳ ಕೈ ಚಿವುಟಿದೆ. ಬಸ್ಸು ಹತ್ತುವವರೆಗೆ ಇಬ್ಬರೂ ತುಟಿ ಕಚ್ಚಿಕೊಂಡಿದ್ದೆವು. ಹತ್ತಿದ ಮೇಲೆ ನಕ್ಕ ನಗುವಿಗೆ ಕಂಡಕ್ಟರ್ ಟಿಕೇಟು ಕೊಡುವುದು ಬಿಟ್ಟು ನಿಂತ. ತಾನು ಜಗ್ಗಿನಲ್ಲಿ ಕಲಿತು ಇನ್ನೊಬ್ಬರಿಗೆ ಗಾಜು ಬರೆದುಕೊಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ.

ಮನೆಗೆ ಬಂದು ಆ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತೆವು. ಒಂದೊಂದು ಸಾಮಾನೂ ಮಾಡುವ ಕೆಲಸವೇನು ಎಂದು ಅವಳು ಹೇಳಬೇಕು, ಆ ಕೆಲಸವನ್ನು ಇನ್ಯಾವುದು ಮಾಡೀತು ಎಂದು ನಾನು ಹೇಳಬೇಕು. ನೀರು ಅಳೆಯಲು ನನ್ನ ಸ್ಟೀಲ್ ಲೋಟ ತಂದಿಟ್ಟೆ. ಗೆರೆ ಎಲ್ಲಿ ಎಂದಳು. ಗೆರೆಯಿರುವುದು ಮಕ್ಕಳ ಹಾಲಿನ ಬಾಟಲಿಗೆ ಎಂದು ಆಗ ಹೊಳೆಯಿತು. ಸಣ್ಣ ಅಳತೆಗೆ ಸೂಜಿಯಿಲ್ಲದ ದೊಡ್ಡ ಸಿರಿಂಜು ಸಾಕೆಂದು ಅವಳು ಹೇಳಿದಳು. ಕಲೆಸಲು ಕಡಗೋಲು ಕೊಟ್ಟರೆ ಬೇಡವೆಂದಳು. ಮರ ಔಷಧಿ ಕುಡಿದುಕೊಂಡು ಇನ್ನೊಂದಕ್ಕೆ ಕಕ್ಕುತ್ತದಂತೆ. ಪ್ಲಾಸ್ಟಿಕ್ ಸೌಟು ಎರಡಾಯಿತು. ಮೋಟಾರಿನ ಬದಲು ನನ್ನ ಕೈಯಿದೆ, ಕರೆಂಟು ಹೋದರೂ ತಿರುಗುತ್ತದೆ.

ಶಿಕಾರಿಪುರದ ಪೇಟೆಗೆ ಇಬ್ಬರೇ ಹೋದೆವು. ಔಷಧಿ ಅಂಗಡಿಯವನು ಹಾಲಿನ ಬಾಟಲಿ ತೆಗೆಯುತ್ತ ಯಾರಿಗಮ್ಮ ಮಗು ಎಂದು ವಿಚಾರಿಸಿದ. ಎರಡು ಕೊಡು ಎಂದೆ. ಅವಳಿ ಜವಳಿಯಾ ಎಂದು ಕೇಳಿ, ಮದುವೆಯಾಗದ ನನ್ನ ಮೊಮ್ಮಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಅಳೆಯುವ ಸಾಮಾನು ಅವನ ಕಣ್ಣಿನಲ್ಲೇ ಇತ್ತು. ಅಲ್ಲಿಂದ ಗುಜರಿ ಅಂಗಡಿಗೆ ಹೋದೆವು. ಕಲೆಸಿದ ಔಷಧಿಗೆ ಬೆಳಕೂ ಆಗದು, ಗಾಳಿಯೂ ಆಗದು. ಕಂದು ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ ಮುಚ್ಚಬೇಕು. ಕಂದು ಎಂದರೆ ಬಿಯರಿನದೇ.

ಗುಜರಿಯವನು ತಕ್ಕಡಿ ಬಿಟ್ಟು ಎದ್ದು ಬಂದ. "ಅಜ್ಜಿ, ಎಲ್ರೂ ಖಾಲಿ ಬಾಟ್ಲಿ ಮಾರಾಕೆ ಬರ್ತಾರೆ, ನೀವು ಕೊಳ್ಳಾಕೆ ಬಂದೀರಲ್ರೀ."

"ಕಂದು ಬಣ್ಣದ್ದು ಕೊಡು. ಬಾಯಿ ಒಡೆದಿರಬಾರ್ದು, ಒಳಗೆ ವಾಸನೆ ಇರಬಾರ್ದು."

ನಾನು ಒಂದೊಂದನ್ನೂ ಬಿಸಿಲಿಗೆ ಹಿಡಿದು ಮೂಸಿ ಪಕ್ಕಕ್ಕಿಡುವುದನ್ನು ಅವನು ಸ್ವಲ್ಪ ಹೊತ್ತು ನೋಡಿದ. "ಕುಡಿಯೋರೂ ಇಷ್ಟು ಆರ್ಸಲ್ಲ ಬಿಡ್ರಿ" ಎಂದ.

ಆರು ಬಾಟಲಿ ಚೀಲದಲ್ಲಿ ಗಲಗಲ ಎನ್ನುತ್ತ ಓಣಿಗೆ ಬಂದವು. ಅವಕ್ಕೆ ತಿರುಗಿಸುವ ಮುಚ್ಚಳವಿಲ್ಲ, ರಬ್ಬರಿನ ಬಿರಡೆ ಬೇರೆ ಹುಡುಕಿ ತಂದಿದ್ದೆವು. ಸಂಜೆಯೊಳಗೆ ಓಣಿಯಲ್ಲಿ ಕತೆ ಸಿದ್ಧವಾಗಿತ್ತು: ಆ ಮನೆಗೆ ಕೂಸು ಬರುವುದಿದೆ, ಆ ಚಿಂತೆಗೆ ಅಜ್ಜಿ ಬಿಯರು ಹಿಡಿದಿದ್ದಾಳೆ. ಇಂಥ ಮಿದುಳುಗಳಿಗೆ ನಾನು ಹದಿನಾಲ್ಕು ವರ್ಷ ಅನ್ನ ಹಾಕಿ ಬೆಳೆಸಿದೆನಲ್ಲ ಎಂದುಕೊಂಡೆ.

ಥರ್ಮಾಮೀಟರಿನಲ್ಲಿ ಮಾತ್ರ ನಾನು ಸೋತೆ. ಜ್ವರ ನೋಡುವುದನ್ನು ತಂದುಕೊಟ್ಟೆ. ಔಷಧಿ ಇಪ್ಪತ್ತು ಡಿಗ್ರಿಯಲ್ಲಿರಬೇಕು, ಇದು ಮೈಬಿಸಿಯಿಂದ ಮೇಲಕ್ಕೆ ಮಾತ್ರ ಬಲ್ಲದು ಎಂದು ಮೊಮ್ಮಗಳು ತೋರಿಸಿದಳು. ಆಮೇಲೆ ಹಾಲಿನ ಡೈರಿಯಲ್ಲಿ ಕ್ಯಾನಿಗೆ ಇಳಿಬಿಡುವ ಗಾಜಿನದು ನೆನಪಾಯಿತು. ಕಾರ್ಯದರ್ಶಿ ಹಳೆಯದೊಂದನ್ನು ಕೊಟ್ಟ, ಶಾಲೆಯಲ್ಲಿ ನನ್ನ ಕೈಯ ಊಟ ಉಂಡ ಹುಡುಗ. ಚಳಿಗಾಲದ ಬೆಳಗ್ಗೆ ಗಡಿಗೆಯ ನೀರು ತಾನಾಗಿ ಇಪ್ಪತ್ತರ ಹತ್ತಿರ ನಿಂತಿತು. ನಮ್ಮ ಬೋರಿನ ನೀರು ನಲ್ಲಿಯ ಬಾಯಿಗೆ ಸುಣ್ಣ ಕಟ್ಟಿಸುವಂಥದ್ದು. ಶುದ್ಧ ನೀರಿನ ಘಟಕದಿಂದ ಕ್ಯಾನು ತಂದೆವು.

ತಕ್ಕಡಿಯನ್ನು ಅವಳು ಮೊಬೈಲಿನಲ್ಲಿ ತರಿಸಿದಳು. ಅಂಗೈಯಗಲದ್ದು, ಅಕ್ಕಸಾಲಿಗರು ಮೂಗುಬೊಟ್ಟು ತೂಗುವಂಥದ್ದು. ಸ್ಟುಡಿಯೊದವನು ಬರೆದುಕೊಟ್ಟಿದ್ದರ ಬೆಲೆಯಲ್ಲಿ ಇಂಥವು ಬುಟ್ಟಿ ತುಂಬಾ ಬರುತ್ತವೆ. ನನಗೆ ಅದರ ಮೇಲೆ ಒಂದು ಚೂರೂ ನಂಬಿಕೆ ಹುಟ್ಟಲಿಲ್ಲ. ಮಕ್ಕಳ ಆಟದ ತಕ್ಕಡಿ ಎಂದು ಹೆಸರಿಟ್ಟೆ. ಅವಳು ಅದರ ಮೇಲೆ ತೂಕ ಗೊತ್ತಿರುವ ಹೊಸ ನಾಣ್ಯಗಳನ್ನು ಇಟ್ಟು ಪರೀಕ್ಷೆ ಮಾಡಿದಳು, ಸರಿ ತೋರಿಸಿತು. ಆಮೇಲೆ ಹಾಲಿನ ಬಾಟಲಿಯಲ್ಲಿ ನೂರು ಗೆರೆಯವರೆಗೆ ನೀರು ತುಂಬಿ ಬಾಟಲಿಯ ತೂಕ ಕಳೆದು ನೋಡಿದಳು, ನೂರು ಎಂ.ಎಲ್. ನೀರು ನೂರು ಗ್ರಾಂ ಬರಬೇಕು. ಒಂದು ಬಾಟಲಿ ಸರಿ ಬಂತು. ಇನ್ನೊಂದರ ಗೆರೆ ಸುಳ್ಳು ಹೇಳುತ್ತಿತ್ತು. ಎಷ್ಟು ತಾಯಂದಿರು ಅದನ್ನು ನಂಬಿ ಮಕ್ಕಳಿಗೆ ಹಾಲು ಕೊಟ್ಟಿದ್ದಾರೋ. ಆ ಬಾಟಲಿಯನ್ನು ತಿಪ್ಪೆಗೆ ಎಸೆದು ಬಂದೆ.

ಔಷಧಿಯಲ್ಲಿ ಎರಡು ಬಗೆ. ಒಂದು ಚಿತ್ರವನ್ನು ಎಬ್ಬಿಸುವುದು, ಇನ್ನೊಂದು ಅದನ್ನು ಅಲ್ಲಿಗೇ ನಿಲ್ಲಿಸಿ ಗಟ್ಟಿ ಮಾಡುವುದು. ನಿಲ್ಲಿಸುವುದರ ಒಂದು ಹನಿ ಎಬ್ಬಿಸುವುದಕ್ಕೆ ಬಿದ್ದರೆ ಕೆಟ್ಟಿತು ಎಂದಳು. ಇದನ್ನು ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಹಾಲಿನ ಕೊಡಕ್ಕೆ ಮಜ್ಜಿಗೆಯ ಸೌಟು ಅದ್ದಿದರೆ ಏನಾಗುತ್ತದೆಂದು ಹೆಂಗಸರಿಗೆ ಕಾಲೇಜಿನವರು ಕಲಿಸಬೇಕಿಲ್ಲ. ಒಂದರ ಸೌಟು, ಆಲಿಕೆ, ಬಾಟಲಿಗಳಿಗೆಲ್ಲ ಕೆಂಪು ದಾರ ಕಟ್ಟಿದೆ, ಇನ್ನೊಂದರದಕ್ಕೆ ಹಸಿರು. ಎಲ್ಲ ಬಾಟಲಿಗೂ ವಿಷ ಎಂದು ಅವಳು ಬರೆದು ಅಂಟಿಸಿದಳು. ಯಾವುದೊಂದೂ ತಿರುಗಿ ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ನಾನು ಕಟ್ಟಪ್ಪಣೆ ಮಾಡಿದೆ.

ಪುಡಿಗಳಲ್ಲಿ ಮಾತ್ರ ಜುಗ್ಗತನ ಮಾಡಲಿಲ್ಲ, ಒಳ್ಳೆಯವನ್ನೇ ತರಿಸಿದ್ದಳು. ಅವು ಬುಧವಾರ ಬಂದವು. ಗುರುವಾರ ಬೆಳಗ್ಗೆ ಹೊಟ್ಟಿನ ಕೋಣೆಯ ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟು ಕೆಲಸ ಹೂಡಿದೆವು. ಕೈಗೆ ರಬ್ಬರಿನ ಗವಸು, ಮೂಗಿಗೆ ಬಟ್ಟೆ. ಅವಳು ಸಿರಿಂಜಿನಲ್ಲಿ ನೀರು ಅಳೆಯುತ್ತ ಗೋಡೆಯ ಕಡೆ ಕೂತಳು. ಪುಡಿ ತೂಗುವ ಕೆಲಸ ನನ್ನದು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟೆಷ್ಟು ಎಂದು ಅವಳು ಹೇಳಿದ ಹಾಗೆ ತೂಗಿ ಕೊಟ್ಟೆ, ಕಲೆಸಿದೆ. ತೊಳೆಯಬೇಕಿದ್ದ ರೀಲಿನಲ್ಲಿ ಅವಳು ತಿಂಗಳಿನಿಂದ ತೆಗೆದದ್ದಿತ್ತು: ತಾಳಗುಂದದ ಕಡೆಯ ಗದ್ದೆ, ನಾಲೆಯ ಏರಿ, ಅಂಗನವಾಡಿಗೆ ಹೊರಟ ಅವಳ ಅಮ್ಮ, ಮೆಣಸಿನಕಾಯಿ ಬಿಡಿಸುವ ನನ್ನ ಕೈ. ಅವಳು ಗಡಿಯಾರ ನೋಡಿಕೊಂಡು ರೀಲಿನ ಡಬ್ಬಿ ಅಲುಗಾಡಿಸುತ್ತಿದ್ದರೆ ನಾನು ಹೊರಗೆ ಕಾವಲು ಕೂತು, ಸ್ಟುಡಿಯೊದವನಿಗೆ ಯಾವ ಫೋಟೊ ಕಳಿಸಿ ಹೊಟ್ಟೆ ಉರಿಸುವುದೆಂದು ಲೆಕ್ಕ ಹಾಕುತ್ತಿದ್ದೆ.

ರೀಲು ಹೊರಗೆ ಬಂತು. ಬಿಸಿಲಿಗೆ ಹಿಡಿದಳು. ಬಾಣಲೆಯ ತಳದ ಹಾಗೆ ಕಪ್ಪು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹೊಗೆ ಹಿಡಿದಂತೆ, ಗದ್ದೆಯೂ ಇಲ್ಲ, ಏರಿಯೂ ಇಲ್ಲ. ಔಷಧಿ ಜೋರಾಗಿದೆ, ತೂಕ ತಪ್ಪಿದೆ ಎಂದಳು.

ಮಗನಿಗೆ ಹಬ್ಬ. ಬಂದು ರೀಲನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, "ಆಟದ ತಕ್ಕಡಿ ತಂದ್ರೆ ಆಟದ ಫೋಟೊನೇ ಬರೋದು" ಎಂದ. ನಾನಿಟ್ಟ ಹೆಸರನ್ನೇ ಎತ್ತಿಕೊಂಡ. ಅಂಗಳಕ್ಕೆ ಹೋಗಿ ಏಜೆಂಟನಿಗೆ ಫೋನು ಮಾಡಿ, ನಮಗೆ ಕೇಳಲಿ ಎಂದು ಗಟ್ಟಿಯಾಗಿ, ಸೋಮವಾರ ಹೊತ್ತು ಹುಟ್ಟುವ ಮುಂಚೆಯೇ ಲೋಡು ಕಳಿಸು ಎಂದ. ನಾನು ತಕ್ಕಡಿಯನ್ನು ಬೈದೆ, ಮಾರಿದವನನ್ನು ಬೈದೆ, ಘಟಕದ ನೀರನ್ನು ಬೈದೆ. ಶುಕ್ರವಾರವಿಡೀ ಮೊಮ್ಮಗಳು ಮೂಲೆ ಹಿಡಿದು ಕೂತಳು. ಸಂಜೆ ಬಾಟಲಿಗಳನ್ನು ಒಂದೊಂದಾಗಿ ತೊಳೆದು ಚೀಲಕ್ಕೆ ಹಾಕತೊಡಗಿದಳು. ಅಪ್ಪ ಹೇಳಿದ್ದೇ ಸರಿ, ಸೋವಿಗೆ ಕೈ ಹಾಕಬಾರದಿತ್ತು ಎಂದಳು. ಇನ್ನೊಂದೇ ರೀಲು ಉಳಿದಿದೆ, ಅದನ್ನು ಹಾಳು ಮಾಡಲು ಮನಸ್ಸಿಲ್ಲ ಎಂದಳು.

ಶನಿವಾರ ಬೆಳಗ್ಗೆ ಅನ್ನಕ್ಕಿಡಲು ಹೋದೆ. ಸೇರಿನಲ್ಲಿ ಅಕ್ಕಿ ಅಳೆದು ಪಾತ್ರೆಗೆ ಸುರಿದೆ. ಸುರಿದ ಮೇಲೆ ನನ್ನ ಬಲಗೈ ತಾನಾಗಿಯೇ ತಿರುಗಿ ಡಬ್ಬಕ್ಕೆ ಹೋಗಿ ಇನ್ನೊಂದು ಹಿಡಿ ಅಕ್ಕಿ ತಂದು ಹಾಕಿತು. ಅದಕ್ಕೆ ಕೊಸರು ಎನ್ನುತ್ತೇವೆ. ಕೊಸರಿಲ್ಲದ ಅಳತೆ ಮನೆಗೆ ಒಳ್ಳೆಯದಲ್ಲ ಎಂದು ನನ್ನ ತಾಯಿ ಕಲಿಸಿದ್ದು, ಅತ್ತೆ ಗದರಿ ಗಟ್ಟಿ ಮಾಡಿದ್ದು. ಕೊಡುವಾಗ ಹಾಕುತ್ತೇವೆ, ಬೇಯಿಸುವಾಗ ಹಾಕುತ್ತೇವೆ. ಶಾಲೆಯ ಹಂಡೆಗೂ ಹದಿನಾಲ್ಕು ವರ್ಷ ಹಾಕಿದ್ದೆ. ಕೈ ಪಾತ್ರೆಯ ಮೇಲೆಯೇ ನಿಂತುಬಿಟ್ಟಿತು. ಗುರುವಾರ ಆ ಪುಟ್ಟ ತಕ್ಕಡಿಯಲ್ಲಿ ತೂಗಿದ ಪ್ರತಿಯೊಂದು ಪುಡಿಗೂ, ತಕ್ಕಡಿಯಿಂದ ಎತ್ತಿದ ಮೇಲೆ, ಇದೇ ಕೈ ಒಂದು ಚಿಟಿಕೆ ಕೊಸರು ಹಾಕಿತ್ತು. ಎರಡು ಗ್ರಾಂ ಬೇಕಾದಲ್ಲಿ ನನ್ನ ಒಂದು ಚಿಟಿಕೆ ಹೆಚ್ಚು ಬಿದ್ದರೆ ಏನಾಗಬೇಡ.

ಊರವರನ್ನೆಲ್ಲ ಬೈದಾಗಿತ್ತು, ಈಗ ಬೈಯಬೇಕಾದ್ದು ಯಾರನ್ನೆಂದು ತಿಳಿಯಿತು. ಸ್ಟುಡಿಯೊದವನ ಮಾತಿಗೆ ಸಾಕ್ಷಿ ಒದಗಿಸಿಕೊಟ್ಟ ಮುದುಕಿ ನಾನೇ. ಹೇಳದೆ ಇದ್ದುಬಿಡಬಹುದಿತ್ತು. ತಕ್ಕಡಿ ಬಾಯಿ ಬಿಡುತ್ತಿರಲಿಲ್ಲ. ಆದರೆ ಆ ಹುಡುಗಿ ತನ್ನ ವಿದ್ಯೆಯನ್ನೇ ಚೀಲಕ್ಕೆ ತುಂಬುತ್ತಿದ್ದಳು. ಒಲೆ ಆರಿಸಿ ಹಿತ್ತಿಲಿಗೆ ಹೋದೆ.

"ತಕ್ಕಡಿದು ತಪ್ಪಿಲ್ಲ ಕೂಸೇ. ನಂದು."

"ಏನ್ ಮಾಡ್ದೆ ಅಜ್ಜಿ?"

"ನೀ ಹೇಳಿದಷ್ಟೇ ತೂಗಿದೆ. ಆಮೇಲೆ ಕೊಸರು ಹಾಕಿದೆ."

"ಎಲ್ಲದಕ್ಕೂ?"

"ಎಲ್ಲದಕ್ಕೂ. ಆ ಬಿಳೀ ಸೋಡಾ ಪುಡಿಗೆ ಎರಡು ಸಲ. ಅದು ಬಾಳ ಕಮ್ಮಿ ಕಾಣ್ತಿತ್ತು, ಪಾಪ ಅನ್ನಿಸ್ತು."

ಅವಳು ನನ್ನನ್ನೇ ನೋಡಿದಳು. ಬೈಯಲಿ ಎಂದು ಕಾದೆ. ಅವಳು ನಗಲು ಶುರು ಮಾಡಿದವಳು ತೊಟ್ಟಿಯ ಕಟ್ಟೆ ಹಿಡಿದು ಕೂತುಬಿಟ್ಟಳು. ಪಾಪ ಅನ್ನಿಸ್ತಾ, ಸೋಡಾ ಮೇಲೆ ಪಾಪ ಅನ್ನಿಸ್ತಾ ಎಂದು ಅದನ್ನೇ ಹೇಳಿ ಹೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ಎದ್ದು ಬಾಟಲಿಗಳನ್ನು ಚೀಲದಿಂದ ತೆಗೆದು ಸಾಲಾಗಿ ನಿಲ್ಲಿಸಿದಳು. ಉಳಿದ ಒಂದು ರೀಲನ್ನು ಕ್ಯಾಮೆರಾಕ್ಕೆ ಹಾಕಿಕೊಂಡು ಊಟವೂ ಮಾಡದೆ ಹೊರಟಳು.

ಭಾನುವಾರ ಬೆಳಗ್ಗೆ ಹೊಸದಾಗಿ ಔಷಧಿ ಕಲೆಸಬೇಕಿತ್ತು. ನಾನು ದೂರ ಕೂತೆ. ಅವಳು ತಕ್ಕಡಿಯನ್ನು ನನ್ನ ಮುಂದೆಯೇ ತಂದಿಟ್ಟು, ನೀನೇ ತೂಗು ಅಜ್ಜಿ ಎಂದಳು. ಅಷ್ಟು ದೊಡ್ಡ ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ತೂಗಿ ಇಟ್ಟ ಕೂಡಲೇ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಎರಡು ಸಲ ಅದು ಎಳೆದಾಡಿತು, ಬಿಡಲಿಲ್ಲ. ಸೋಡಾ ಕಡಿಮೆಯೇ ಕಾಣುತ್ತಿತ್ತು. ಕಾಣಲಿ ಎಂದೆ. ತೊಳೆದ ರೀಲನ್ನು ಬಿಸಿಲಿಗೆ ಹಿಡಿದಾಗ ಅದರಲ್ಲಿ ಇರುವೆಯಷ್ಟು ಇರುವೆಯಷ್ಟು ಮನುಷ್ಯರು ಕಂಡರು. ಕಪ್ಪಗಿದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ. ರೀಲು ಒಣಗುವವರೆಗೆ ಅಂಗಳದಲ್ಲಿ ಕೋಳಿಯ ಹಾಗೆ ಓಡಾಡಿದೆ.

ಮಧ್ಯಾಹ್ನ ಕಂಬಳಿ ಇಳಿಸಿ ಕೆಂಪು ಬಲ್ಬು ಹಾಕಿದೆವು. ಕಾಗದವನ್ನು ಅದರ ಬೆಳಕಿನಲ್ಲಿ ತೊಳೆಯಬಹುದು. ಮೂರು ಪ್ಲಾಸ್ಟಿಕ್ ಟ್ರೇಗಳನ್ನು ಸಾಲಾಗಿ ಇಟ್ಟಳು. ಅಷ್ಟರಲ್ಲಿ ಮಗ ಕೋಣೆಯ ಅಳತೆ ನೋಡಬೇಕೆಂದು ಟೇಪು ಹಿಡಿದು ಬಂದ. ಎಷ್ಟು ಚೀಲ ಹಿಡಿಯುತ್ತದೆ ಎಂದು ಏಜೆಂಟ ಕೇಳಿದ್ದನಂತೆ. ಬಂದವನು ಒಳಗೇ ಇರು, ಬಾಗಿಲು ತೆಗೆದರೆ ಕಾಗದ ಹಾಳಾಗುತ್ತದೆ ಎಂದು ಮಗಳು ತಡೆದಳು. ಟೇಪು ಹಿಡಿದುಕೊಂಡೇ ನಿಂತ. ಅವಳು ಯಂತ್ರದ ಬೆಳಕು ಬಿಟ್ಟು ಆರಿಸಿ, ಬಿಳಿಯ ಕಾಗದವನ್ನು ಮೊದಲ ಟ್ರೇಯಲ್ಲಿ ಮುಳುಗಿಸಿದಳು.

ಮೊದಲು ಏನೂ ಇಲ್ಲ. ಮಗ ಕೆಮ್ಮಿದ. ಆಮೇಲೆ ಕಾಗದದ ಒಂದು ಮೂಲೆಯಲ್ಲಿ ಮಂಜಿನಂಥದ್ದು ಎದ್ದಿತು. ಅದು ರಸ್ತೆಯಾಯಿತು. ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳ ಕಾಳು ಕಾಳಾಗಿ ಬಂತು. ನಡುವೆ ಒಬ್ಬ ಗಂಡಸು, ಲುಂಗಿ ಎತ್ತಿ ಕಟ್ಟಿ, ಬಗ್ಗಿ ನೋಡುತ್ತ, ಕಾಲಿನಿಂದ ಕಾಳು ಹರವುತ್ತಿದ್ದಾನೆ. ಅವನ ಹಿಂದೆ ಕಾಲಿನ ಗೆರೆಗಳು ನೇಗಿಲ ಸಾಲಿನ ಹಾಗೆ ಉದ್ದಕ್ಕೂ. ಅದು ನನ್ನ ಮಗನೇ. ಹಿಂದಿನ ದಿನ ಅವನಿಗೆ ತಿಳಿಯದ ಹಾಗೆ ತೆಗೆದಿದ್ದಳು. ಅವನನ್ನು ಹೆತ್ತು ಇಷ್ಟು ವರ್ಷವಾಯಿತು, ಅವನು ಅಷ್ಟು ಚೆಂದ ಕೆಲಸ ಮಾಡುತ್ತಾನೆಂದು ನಾನು ಕಂಡಿರಲಿಲ್ಲ.

ಮಗ ಟ್ರೇಯ ಮೇಲೆ ಬಗ್ಗಿದ. ಮೂರೂ ಜನ ಬಗ್ಗಿ ನಿಂತಿದ್ದೆವು.

"ನೆತ್ತಿ ಇಷ್ಟು ಬೋಳಾಗೈತಾ?" ಎಂದ.

"ಕ್ಯಾಮೆರಾಕ್ಕೆ ಕೊಸರು ಹಾಕೋದು ಗೊತ್ತಿಲ್ಲಪ್ಪ, ಇದ್ದಷ್ಟೇ ತೋರ್ಸೋದು" ಎಂದೆ.

ಅವನು ತಲೆ ಸವರಿಕೊಂಡ. ಅವಳು ಕಾಗದವನ್ನು ಎರಡನೇ ಟ್ರೇಗೆ, ಅಲ್ಲಿಂದ ಮೂರನೆಯದಕ್ಕೆ ದಾಟಿಸಿದಳು. ಆಮೇಲೆ ಮಗ ಗೋಡೆಯ ಕಡೆ ಮುಖ ಮಾಡಿ ಹೇಳಿದ. "ಇನ್ನೊಂದ್ ತೆಗಿ. ಟೋಪಿ ಹಾಕ್ಕಂತೀನಿ."

"ತೆಗೀತೀನಿ. ಎಲ್ಲಿ ತೊಳೀಲಿ ಅಪ್ಪ? ನಾಳೆ ಗೊಬ್ಬರ ಬರ್ತೈತಲ್ಲ."

ಟೇಪು ಅವನ ಕೈಯಲ್ಲಿ ಸರ್ರನೆ ಒಳಗೆ ಸುತ್ತಿಕೊಂಡಿತು. "ಅದು ಪಡಸಾಲೇಲಿ ಇರ್ತೈತೆ ಬಿಡು" ಎಂದ.

ಅಂಗಳದ ಮೂಲೆಯಲ್ಲಿ ಶೆಡ್ಡು ಹಾಕಿಸುತ್ತೇನೆ ಎಂದು ಆಮೇಲೆ ಹೇಳಿದ, ಇವತ್ತಿಗೂ ಹೇಳುತ್ತಿದ್ದಾನೆ. ಪಡಸಾಲೆಯಲ್ಲಿ ಗೊಬ್ಬರದ ಚೀಲ ಎದೆಯೆತ್ತರ ನಿಂತಿವೆ. ಅವುಗಳ ಮೇಲಿನ ಮೊಳೆಗೆ ಆ ಫೋಟೊ ಹಾಕಿದೆ. ಮನೆಯೆಲ್ಲ ಯೂರಿಯಾ ವಾಸನೆ. ಬೀಗರು ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಎಂಥಾ ಮನೇರೀ ಇದು, ಗೊಬ್ಬರದ ಜೊತೆ ಬಾಳ್ವೆ ಮಾಡುತ್ತೀರಲ್ಲ ಎನ್ನುತ್ತಾರೆ. ಅವರ ಮನೆಯ ಗೋಡೆಗಳನ್ನು ನಾನು ನೋಡಿದ್ದೇನೆ. ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು ಬಿಟ್ಟರೆ ಏನೂ ಇಲ್ಲ. ಒಂದು ಚೀಲ ತೋರಿಸಿ ಕೂರಿ ಎನ್ನುತ್ತೇನೆ. ಮೊಮ್ಮಗಳು ಹಿತ್ತಿಲಲ್ಲಿದ್ದಾಳೆ, ಕಂಬಳಿ ಎತ್ತುವವರೆಗೆ ಕರೆಯಬಾರದು, ಅಲ್ಲಿಯವರೆಗೆ ಚಹಾ ಕುಡಿಯಿರಿ ಎನ್ನುತ್ತೇನೆ.